ಅಮ್ಮನ ಹೂವು, ಫ್ಯಾನಿನ ಗಾಳಿ

ಬಾಗಲೂರು ಪಕ್ಕದ ನಮ್ಮೂರ ಅಮ್ಮನ ಗುಡಿಗೆ ಒಂದೊಂದಾಗಿ ಯಂತ್ರಗಳು ಬಂದು ಸೇರಿದ ಮೇಲೆ, ನಾನು ಅಲ್ಲಿಂದ ನಗದೆ ಮನೆಗೆ ಬಂದ ದಿನ ಕಡಿಮೆ. ಅಮ್ಮನ ಮರ್ಯಾದೆ ಮಾತ್ರ ಕೂದಲಷ್ಟೂ ಕುಂದಿಲ್ಲ. ಕೊನೆಯ ಪ್ರಸಂಗದಲ್ಲಂತೂ ನನ್ನ ಮಗಳ ಮದುವೆಯೇ ತೂಗಾಡುತ್ತಿತ್ತು.

ತಾನೇ ಬಾರಿಸುವ ನಗಾರಿ

ಸ್ವಿಚ್ ಹಾಕಿದರೆ ಗಂಟೆ, ನಗಾರಿ ಎರಡನ್ನೂ ತಾನೇ ಬಾರಿಸುವ ಯಂತ್ರ ಬಂತು. ಒಂದು ಶುಕ್ರವಾರ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಪೂಜಾರಿ ತಟ್ಟೆ ಹಿಡಿದು ನಿಂತೇ ಇದ್ದರು. ನಮ್ಮವ್ವ ಮೂಲೆಯಲ್ಲಿದ್ದ ಹಳೇ ಜಾಗಟೆ ತೆಗೆದು ಬಡಿಯುತ್ತಾ, "ಎತ್ತಪ್ಪಾ ಆರತಿ. ಕರೆಂಟ್ ಕಂಬ ನೆಡೋಕ್ಕಿಂತ ಮುಂಚಿಂದ್ಲೂ ಅಮ್ಮ ಇಲ್ಲೇ ಅವ್ಳೆ" ಅಂದಳು.

ಚಕ್ರವಿಲ್ಲದ ವಾಹನ

ಗುಲಾಬಿ ತೋಟಕ್ಕೆ ಔಷಧಿ ಹೊಡೆಯಲು ನನ್ನ ತಮ್ಮ ಡ್ರೋನ್ ತಂದ. ವಾಹನ ಪೂಜೆ ಅಂದರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹತ್ತಿಸಬೇಕು. ಪೂಜಾರಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದ್ಕೆ ಚಕ್ರ ಎಲ್ಲಯ್ಯಾ?" ಅಂದರು.

"ಇಲ್ಲ ಸ್ವಾಮಿ, ಮೇಲಕ್ಕೆ ಹೋಗ್ತದೆ."

ಕೊನೆಗೆ ಅದರ ಕಾಲುಗಳ ಪಕ್ಕ ಹಣ್ಣಿಟ್ಟರು. ಡ್ರೋನ್ ಎದ್ದು ಹೋಯಿತು, ಹಣ್ಣುಗಳು ಹಾಗೇ ಇದ್ದವು. ಪೂಜಾರಿ ಕದಲಲಿಲ್ಲ. "ಎಷ್ಟೊತ್ತು ಹಾರ್ತದೋ ಹಾರ್ಲಿ. ಇಳೀಲೇಬೇಕಲ್ಲ. ಹಣ್ಣಿನ ಮೇಲೇ ಇಳ್ಸು ಕಣ್ಲಾ."

ಎರಡು ಸಲ ಕೇಳಿದ ಹೂ

ನನ್ನ ಮಗಳು ಹೊಸೂರಿನ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು ಮಾಡುವವಳು. ರಾಯಕೋಟೆಯ ಹುಡುಗ ಅವಳಿಗೂ ಒಪ್ಪಿಗೆ. ಆದರೆ ನಮ್ಮಲ್ಲಿ ಅಮ್ಮನ ಅಪ್ಪಣೆ ಬೇಕು: ವಿಗ್ರಹಕ್ಕೆ ಅಂಟಿಸಿದ ಹೂಗಳಲ್ಲಿ ಬಲಗಡೆಯದು ಬಿದ್ದರೆ ಮದುವೆ, ಎಡಗಡೆಯದು ಬಿದ್ದರೆ ಸಂಬಂಧ ಬಿಟ್ಟಂತೆ.

ಎಲ್ಲರೂ ಕೈಮುಗಿದು ಕೂತೆವು. ಬಲಗಡೆಯ ಹೂ ಬಿತ್ತು. ಹುಡುಗನ ಸೋದರಮಾವ ತಲೆಯೆತ್ತಿ ನೋಡಿದರು. "ಫ್ಯಾನ್ ತಿರುಗ್ತಾ ಐತಲ್ಲ. ಇದು ಅಮ್ಮ ಕೊಟ್ಟಿದ್ದಾ, ಗಾಳಿ ಕೊಟ್ಟಿದ್ದಾ?"

ಫ್ಯಾನ್ ನಿಲ್ಲಿಸಿ, ಹೊಸ ಹೂ ಅಂಟಿಸಿ, ಬೆವರು ಒರೆಸುತ್ತಾ ಮತ್ತೆ ಕೂತೆವು. ಬಹಳ ಹೊತ್ತಾದ ಮೇಲೆ ಬಿತ್ತು, ಬಲಗಡೆಯದೇ.

ಸೋದರಮಾವ ಈಗ ಬಾಗಿಲ ಕಡೆ ತಿರುಗಿ, "ಅಲ್ಲಿಂದ ಏನಾದ್ರೂ ಗಾಳಿ..." ಅಂತ ಶುರು ಮಾಡಿದರು.

ಮಗಳು ಎದ್ದು ನಿಂತಳು. "ಫ್ಯಾನ್ ಹಾಕಿ ಒಂದ್ಸಲ, ನಿಲ್ಸಿ ಒಂದ್ಸಲ ಚೆಕ್ ಮಾಡಿದ್ರಿ ಮಾವ. ಎರಡ್ರಲ್ಲೂ ಅಮ್ಮ ಪಾಸು. ನಿಮ್ಮ ಹುಡುಗನ್ನ ನಾವಿನ್ನೂ ಒಂದ್ಸಲಾನೂ ಚೆಕ್ ಮಾಡಿಲ್ಲ."

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಹುಡುಗ ಸೋದರಮಾವನ ತೋಳು ಹಿಡಿದು ಮೆಲ್ಲಗೆ ಅಂದ:

"ಬೇಗ ತಾಂಬೂಲ ತಗೋ ಮಾವ. ಶುರು ಮಾಡ್ಬುಟ್ಟಾಳು."