ಹಿಂದೆ ಸಿಂಹ, ಮುಂದೆ ನಾವು

ನೇರವಾಗಿ ಹೇಳಿಬಿಡುತ್ತೇನೆ, ಆಮೇಲೆ ಯಾರು ಬೇಕಾದರೂ ಬೈದುಕೊಳ್ಳಲಿ. ನನಗೆ ಮನುಷ್ಯರ ಫೋಟೋ ತೆಗೆದು ಸಾಕಾಗಿದೆ. ಆಸ್ಟ್ರೇಲಿಯಾದ ಪರ್ತಿನ ಕನ್ನಡದವರಲ್ಲಿ ಒಬ್ಬಳ ಹತ್ತಿರ ಒಳ್ಳೆಯ ಕ್ಯಾಮೆರಾ ಇದೆ ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ಆಮೇಲೆ ಅವಳನ್ನು ಯಾರೂ ಮನುಷ್ಯಳೆಂದು ನೋಡುವುದಿಲ್ಲ, ಸ್ಟ್ಯಾಂಡ್ ಎಂದೇ ತಿಳಿಯುತ್ತಾರೆ. ಸೀಮಂತಕ್ಕೆ ನಾನು, ನಾಮಕರಣಕ್ಕೆ ನಾನು, ಆ ಮಗುವಿನ ಮೊದಲ ಹುಟ್ಟುಹಬ್ಬಕ್ಕೂ ನಾನೇ. ಗಣೇಶನ ಹಬ್ಬದಲ್ಲಿ ಎಲ್ಲರೂ ಎಲೆ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ನಾನು ಕುರ್ಚಿ ಹತ್ತಿ ನಿಂತು, "ಸ್ವಲ್ಪ ಈ ಕಡೆ ನೋಡಿ, ನಗಿ" ಎನ್ನುತ್ತಿರುತ್ತೇನೆ. ನನ್ನ ಸರದಿ ಬರುವ ಹೊತ್ತಿಗೆ ಹೋಳಿಗೆ ಮುಗಿದು ತುಪ್ಪ ಮಾತ್ರ ಉಳಿದಿರುತ್ತದೆ. ಇಷ್ಟಾದ ಮೇಲೂ ಸಮಾಧಾನವಿದೆಯೇ? "ಶೈಲಾ ಆಂಟಿ, ಇದ್ರಲ್ಲಿ ಡಬಲ್ ಚಿನ್ ಬಂದಿದೆ, ಡಿಲೀಟ್ ಮಾಡಿ, ಇನ್ನೊಂದು ತೆಗೀರಿ." ಅಲ್ಲ ತಾಯಿ, ಗಲ್ಲ ನಿನ್ನದು. ನಾನು ಮನೆಯಿಂದ ತಂದು ಅಂಟಿಸಿದೆನೇ?

ಇಷ್ಟೆಲ್ಲ ಫೋಟೋ ತೆಗೆದ ನಾನು ಅವುಗಳಲ್ಲಿ ಒಂದರಲ್ಲೂ ಇಲ್ಲ. ಒಂದು ದಿನ ಬೇಜಾರಾಗಿ ಗಂಡನ ಹತ್ತಿರ, "ನಾಳೆ ನಾನು ಸತ್ತರೆ ಹಾರ ಹಾಕೋಕೂ ಒಂದು ಫೋಟೋ ಇಲ್ಲ ರೀ" ಎಂದೆ. ಪ್ರಕಾಶ್ ಟೀವಿಯಿಂದ ಕಣ್ಣು ತೆಗೆಯದೆ, "ಪಾಸ್‌ಪೋರ್ಟ್‌ದು ಇದೆಯಲ್ಲ" ಎಂದರು. ಆ ಫೋಟೋ ತೆಗೆದವನು ನಗಬಾರದು, ಅಲ್ಲಾಡಬಾರದು ಎಂದಿದ್ದ. ಅದರಲ್ಲಿ ನಾನು ಆಗಲೇ ಹೋಗಿಬಿಟ್ಟ ಹಾಗೆ ಕಾಣುತ್ತೇನೆ, ಹಾರವೊಂದು ಬಾಕಿ.

ಹಾಗಾಗಿ ನಿರ್ಧಾರ ಮಾಡಿದೆ. ಇನ್ನು ಮೇಲೆ ಪ್ರಾಣಿಗಳದ್ದು ಮಾತ್ರ. ಚಿರತೆಗೆ ಡಬಲ್ ಚಿನ್ನಿನ ಚಿಂತೆ ಇಲ್ಲ. ಆನೆಗೆ ಕ್ಯಾಮೆರಾ ಕಂಡ ತಕ್ಷಣ ಹೊಟ್ಟೆ ಒಳಗೆ ಎಳೆದುಕೊಳ್ಳುವ ಚಟ ಇಲ್ಲ. ಬೋಟ್ಸ್ವಾನಾದಲ್ಲಿ ಫೋಟೋ ತೆಗೆಯುವವರಿಗೆಂದೇ ಸಫಾರಿ ನಡೆಸುತ್ತಾರೆ. ತೆರೆದ ಗಾಡಿಯಲ್ಲಿ ಒಬ್ಬೊಬ್ಬರಿಗೂ ಒಂದು ಪೂರ್ತಿ ಸಾಲು. ಒಂದೇ ಚಿರತೆಯ ಮುಂದೆ ಅರ್ಧ ದಿನ ಬೇಕಾದರೂ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಬಾಯಿ ಮುಚ್ಚಿಕೊಂಡು ಎನ್ನುವ ಮಾತಿಗೇ ನಾನು ಅರ್ಧ ಸೋತೆ. ಪರ್ತಿನಿಂದ ಏನು ದೂರ, ಒಂದು ಸಮುದ್ರ ದಾಟಿದರೆ ಜೋಹಾನ್ಸ್‌ಬರ್ಗ್, ಅಲ್ಲಿಂದ ಗಡಿಯಾಚೆಗೆ ಬೋಟ್ಸ್ವಾನಾ.

"ಮೈಸೂರಿನವಳಾಗಿ ಆನೆ ನೋಡೋಕೆ ಆಫ್ರಿಕಾಕ್ಕೆ ಹೋಗ್ತೀಯಾ?" ಎಂದರು ಪ್ರಕಾಶ್. "ನಾಗರಹೊಳೆ ಏನು ಪಾಪ ಮಾಡಿತ್ತು?"

ನಾಗರಹೊಳೆ ಏನೂ ಮಾಡಿಲ್ಲ. ಮಾಡಿದ್ದೆಲ್ಲ ನಮ್ಮ ಬಂಧುಬಳಗ. ಇಲ್ಲಿಗೆ ಬಂದಾಗಿನಿಂದ ರಜೆ ಎಂದರೆ ಊರು. ಊರೆಂದರೆ ಯಾರದ್ದೋ ಮದುವೆ, ಯಾರದ್ದೋ ಗೃಹಪ್ರವೇಶ. ಹೋದ ಸಲ ನಾಗರಹೊಳೆಗೆಂದೇ ಹೊರಟವಳು ಬೀಗರ ಮನೆಯ ಊಟದಲ್ಲಿ ಸಿಕ್ಕಿಬಿದ್ದು, ಇಡೀ ಸಂಜೆ ವಧೂವರರ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದೆ. ಅಲ್ಲಿ ನಾನು ಕಂಡ ವನ್ಯಜೀವಿ ಎಂದರೆ ಪಾಯಸದ ಬಕೆಟ್ಟಿಗೆ ಮುತ್ತಿದ ಮಕ್ಕಳು. ನಾನು ಕೆಲಸ ಮಾಡುವುದು ಕ್ಯಾನಿಂಗ್ ವೇಲ್‌ನ ಒಂದು ಗೋದಾಮಿನ ಆಫೀಸಿನಲ್ಲಿ. ರಜೆ ಕೇಳಲು ಹೋದರೆ ನಮ್ಮ ಮ್ಯಾನೇಜರ್ ನಾನು ಬಾಯಿ ತೆರೆಯುವ ಮೊದಲೇ "ಇಂಡಿಯಾ?" ಎಂದ. "ಅಲ್ಲ, ಆಫ್ರಿಕಾ" ಎಂದಾಗ ಎದ್ದು ನಿಂತು ಕೈ ಕುಲುಕಿದ. ನಮ್ಮವರಲ್ಲಿ ಒಬ್ಬರಾದರೂ ಹಾಗೆ ಕೈ ಕುಲುಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ನಾನು ಬುದ್ಧಿ ಇರುವ ಯಾರೂ ಮಾಡದ ಕೆಲಸ ಮಾಡಿದೆ. ಗಂಡನ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ, "ಆಗಸ್ಟ್ ಮೂರನೇ ವಾರ ಬೋಟ್ಸ್ವಾನಾಕ್ಕೆ ಹೋಗೋಣ ಅಂತಿದ್ದೀನಿ, ಯಾರಾದ್ರೂ ಹೋಗಿದ್ದೀರಾ?" ಎಂದು ಕೇಳಿದೆ. ನಮ್ಮಲ್ಲಿ ಪ್ರಯಾಣದ ಸುದ್ದಿಯನ್ನು ಸುದ್ದಿಯಾಗಿ ಯಾರೂ ಓದುವುದಿಲ್ಲ, ಆಹ್ವಾನವಾಗಿಯೇ ಓದುತ್ತಾರೆ.

ಮೊದಲು ಫೋನ್ ಮಾಡಿದ್ದು ನಾದಿನಿ ಸುಧಾ. ಅವಳಿರುವುದು ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ. ಅಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ, ಇಲ್ಲಿ ನನ್ನ ನಿದ್ದೆ ಹಾಳಾಗುತ್ತದೆ.

"ಅತ್ತಿಗೆ! ದೇವರೇ ಕೂಡಿಸಿದ್ದು ನೋಡಿ. ನೀವು ಹೇಳಿದ ವಾರಾನೇ ದೊಡ್ಡಣ್ಣನ ಷಷ್ಟ್ಯಬ್ದಿ ಬರುತ್ತೆ. ಶಾಸ್ತ್ರಿಗಳನ್ನ ಕೇಳಿಬಿಟ್ಟೆ. ಜನ್ಮನಕ್ಷತ್ರ ಅವತ್ತೇ ಅಂತೆ, ಹಿಂದೆ ಮುಂದೆ ಮಾಡೋ ಹಾಗಿಲ್ಲ."

"ಒಳ್ಳೇದಾಯ್ತಲ್ಲ" ಎಂದೆ ನಿದ್ದೆಗಣ್ಣಿನಲ್ಲಿ.

"ಅದಕ್ಕೇ ಎಲ್ರೂ ಅಲ್ಲಿಗೇ ಬರ್ತೀವಿ. ಷಷ್ಟ್ಯಬ್ದಿ ಆಫ್ರಿಕಾದಲ್ಲೇ!"

ನಿದ್ದೆ ಹಾರಿ ಹೋಯಿತು. ನಾನು ಎದ್ದು ಕೂರುವಷ್ಟರಲ್ಲಿ ಹೊಸ ಗ್ರೂಪ್ ಹುಟ್ಟಿ, ಅದರ ನೆತ್ತಿಯ ಮೇಲೆ ಸಿಂಹದ ಚಿತ್ರ ಬಂದು, ಬೆಂಗಳೂರಿನ ಚಿಕ್ಕತ್ತೆಯೊಬ್ಬರು ಆಗಲೇ ಅಕ್ಷತೆ ಕಾಳಿನ ಚಿಹ್ನೆ ಸಿಗದೆ ಪಾಪ್‌ಕಾರ್ನ್ ಹಾಕಿ ಹರಸಿಬಿಟ್ಟಿದ್ದರು. ದೊಡ್ಡಣ್ಣ ಎಂದರೆ ನನ್ನ ಭಾವ, ಪ್ರಕಾಶ್‌ಗೆ ಅಣ್ಣ. ಅಡಿಲೇಡಿನಲ್ಲಿದ್ದಾರೆ, ಸ್ಯಾಲಿಸ್‌ಬರಿಯ ಹತ್ತಿರ ವಿಮಾನದ ಬಿಡಿಭಾಗ ಮಾಡುವ ಕಡೆ ಎಂಜಿನಿಯರ್. ಅರವತ್ತಾಗುತ್ತದೆಂದು ಯಾರಿಗೂ ತಿಳಿಯಬಾರದೆಂದು ಕೂದಲಿಗೆ ಬಣ್ಣ ಬಳಿದುಕೊಂಡು ಸುಮ್ಮನಿದ್ದ ಬಡಪಾಯಿ. ಗ್ರೂಪಿನಲ್ಲಿ ಅವರದ್ದು ಒಂದೇ ಒಂದು ಹೆಬ್ಬೆಟ್ಟು ಬಂತು, ಅದೂ ಬಹಳ ತಡವಾಗಿ.

ಆ ಭಾನುವಾರ ವಿಡಿಯೋ ಕಾಲ್. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಕಡೆಯ ಮುಖಗಳು ಪರದೆಯ ಮೇಲೆ. ಸುಧಾ ಎಲ್ಲ ಯೋಚನೆ ಮಾಡಿಬಿಟ್ಟಿದ್ದಳು. ಹೋಮಕ್ಕೆ ಬೆಂಕಿ ಬೇಕಲ್ಲ? "ಹೇಗಿದ್ರೂ ರಾತ್ರಿ ಕ್ಯಾಂಪ್‌ಫೈರ್ ಹಾಕ್ತಾರಂತೆ, ಬೆಳಗ್ಗೆ ಹಾಕಿ ಅಂದ್ರಾಯ್ತು." ಶಾಸ್ತ್ರಿಗಳು? "ಮೊಬೈಲಲ್ಲಿ." ಅಡುಗೆ? "ರೈಸ್ ಕುಕ್ಕರ್ ನಾನು ತರ್ತೀನಿ."

ಅಲ್ಲಿಗೆ ಹೋಗುವ ಕೊನೆಯ ಹಾರಾಟ ಪುಟ್ಟ ವಿಮಾನದಲ್ಲಿ, ಒಬ್ಬರಿಗೆ ಒಂದು ಮೆತ್ತನೆ ಚೀಲ ಅಷ್ಟೇ, ಅದರಲ್ಲಿ ನನ್ನ ಲೆನ್ಸೇ ಅರ್ಧ ತೂಕ ತಿನ್ನುತ್ತದೆ, ಕುಕ್ಕರಿಗೆಲ್ಲ ಜಾಗ ಇಲ್ಲ ಎಂದು ವಿವರಿಸಿದೆ. ಲೆನ್ಸ್ ಅಲ್ಲಾಡದಿರಲು ಕೆಳಗೆ ದಿಂಬಿನಂಥ ಚೀಲ ಇಡಬೇಕು, ಅದನ್ನು ಕೂಡ ಖಾಲಿ ಒಯ್ದು ಅಲ್ಲೇ ಅಕ್ಕಿ ತುಂಬಿಸಿಕೊಳ್ಳುತ್ತಾರೆ ಎಂದೆ. ಇಷ್ಟು ಕಷ್ಟ ಕೇಳಿದರೆ ಹಿಂಜರಿಯುತ್ತಾಳೆಂದು ನನ್ನ ಲೆಕ್ಕ.

"ಅಕ್ಕಿ ಅಲ್ಲೇ ಕೊಡ್ತಾರಾ?" ಸುಧಾಳ ಮುಖ ಅರಳಿತು. "ಮತ್ತಿನ್ನೇನು, ಕೊನೇ ದಿನ ಚೀಲ ಬಿಚ್ಚಿ ಚಿತ್ರಾನ್ನ ಮಾಡಿದ್ರಾಯ್ತು!"

ಆಮೇಲೆ ಅವಳು ಆ ಮಾತು ಹೇಳಿದಳು. ಅದನ್ನು ಹೇಳದಿದ್ದರೆ ನಾನು ಬಹುಶಃ ಎಂದಿನಂತೆ "ನೋಡೋಣ" ಎಂದು ಒಳಗೇ ಸುಟ್ಟುಕೊಂಡು ಒಪ್ಪಿಬಿಡುತ್ತಿದ್ದೆನೇನೋ. "ಅತ್ತಿಗೆ ಇದ್ದಾರಲ್ಲ, ಫೋಟೋ ಚಿಂತೆನೇ ಇಲ್ಲ. ಹಿಂದೆ ಸಿಂಹ, ಮುಂದೆ ನಾವು. ನಾನು ಎಲ್ರಿಗೂ ಒಂದೇ ಬಣ್ಣದ ಸೀರೆ ತಗೋತೀನಿ. ಅತ್ತಿಗೆ, ಸಿಂಹಕ್ಕೆ ಯಾವ ಬಣ್ಣ ಮ್ಯಾಚ್ ಆಗುತ್ತೆ?"

ನನ್ನ ಕಣ್ಣ ಮುಂದೆ ಎಲ್ಲ ಬಂದುಹೋಯಿತು. ಎಲೆಕೋಸು ಬಣ್ಣದ ಸೀರೆಯ ಒಂದು ಸಾಲು. ಆ ಸಾಲಿನ ಹಿಂದೆ, ಕಂಡೂ ಕಾಣದಂತೆ ಒಂದು ಸಿಂಹದ ಬಾಲ. ನಾನು ಗಾಡಿಯ ಮೇಲೆ ಹತ್ತಿ ನಿಂತು "ಸುಧಾ, ಸ್ವಲ್ಪ ಎಡಕ್ಕೆ, ಸಿಂಹ ಮುಚ್ಚಿಹೋಗ್ತಿದೆ" ಎನ್ನುವುದು. ಅವಳು "ಡಬಲ್ ಚಿನ್ ಬಂತಾ?" ಎನ್ನುವುದು.

"ಇಲ್ಲ" ಎಂದೆ.

ನಮ್ಮ ಮನೆತನದಲ್ಲಿ ಈ ಶಬ್ದವನ್ನು ಯಾರೂ ಇಷ್ಟು ಒಂಟಿಯಾಗಿ ಬಳಸಿದ್ದಿಲ್ಲ. ಸುಧಾ ಪರದೆಯ ಹತ್ತಿರ ಬಂದು, "ಅತ್ತಿಗೆದು ನೆಟ್‌ವರ್ಕ್ ಹೋಯ್ತು ಅನ್ಸುತ್ತೆ" ಎಂದಳು.

"ನೆಟ್‌ವರ್ಕ್ ಸರಿ ಇದೆ. ಯಾರೂ ನನ್ನ ಜೊತೆ ಬರೋದು ಬೇಡ. ನಾನು ಒಬ್ಬಳೇ ಹೋಗ್ತೀನಿ. ಇವರನ್ನೂ ಕರ್ಕೊಂಡು ಹೋಗಲ್ಲ."

ಪಕ್ಕದಲ್ಲಿದ್ದ ಪ್ರಕಾಶ್ ನೆಮ್ಮದಿಯ ಉಸಿರು ಬಿಟ್ಟಿದ್ದು ಮೂರು ಊರಿಗೂ ಕೇಳಿಸಿತು.

"ಅತ್ತಿಗೆ, ಏನಾಗಿದೆ ನಿಮಗೆ? ಮೆನೋಪಾಸಾ?"

"ಹೌದು ಕಣೇ, ಆಗಿದೆ. ಅದಕ್ಕೂ ಬೋಟ್ಸ್ವಾನಾಕ್ಕೂ ಸಂಬಂಧ ಇಲ್ಲ."

"ಹಾಗಾದ್ರೆ ನಾವು ಅಡಿಲೇಡಲ್ಲೇ ಷಷ್ಟ್ಯಬ್ದಿ ಮಾಡ್ತೀವಿ. ಅದೇ ವಾರ. ನೀವು ಅದಕ್ಕೂ ಬರಲ್ವಾ?"

ಇದು ಪೆಟ್ಟು. ಭಾವ ನನಗೆ ಅಣ್ಣನ ಹಾಗೆ. ನಾವು ಈ ದೇಶಕ್ಕೆ ಬಂದಿಳಿದಾಗ ನಮ್ಮನ್ನು ಮನೆಯಲ್ಲಿಟ್ಟುಕೊಂಡು, ನನಗೆ ಕಾರು ಕಲಿಸಿದವರು, ನಾನು ಅವರ ಬೇಲಿಗೆ ಗುದ್ದಿದಾಗಲೂ "ಬೇಲಿ ಹಳೇದಾಗಿತ್ತು ಬಿಡು" ಎಂದವರು. ಇನ್ನೇನು ಕರಗಿ ಎಲ್ಲ ಕ್ಯಾನ್ಸಲ್ ಎನ್ನಬೇಕು, ಅಷ್ಟರಲ್ಲಿ ಸುಧಾ ಮುಂದುವರಿಸಿದಳು: "ಮತ್ತೆ ಫೋಟೋ ಯಾರು ತೆಗೀತಾರೆ?"

ನೋಡಿ, "ನೀವಿಲ್ಲದೆ ಹೇಗೆ" ಎಂದಿದ್ದರೆ ನಾನು ಅವತ್ತೇ ಸೋತುಹೋಗುತ್ತಿದ್ದೆ. ಅವಳಿಗೆ ಕೊರತೆಯಾಗಿ ಕಂಡದ್ದು ಸ್ಟ್ಯಾಂಡು. "ಕ್ಯಾಮೆರಾ ಬೇಕಿದ್ರೆ ಕೊರಿಯರ್ ಮಾಡ್ತೀನಿ" ಎಂದು ಕಾಲ್ ಮುಗಿಸಿದೆ. ಮಗಳು ಅನ್ವಿ ಅಡುಗೆಮನೆಯಿಂದ, "ಅಮ್ಮಾ, ದಟ್ ವಾಸ್ ಲೆಜೆಂಡರಿ" ಎಂದು ಕೂಗಿದಳು. ಕನ್ನಡ ಅರ್ಥವಾಗುವುದಿಲ್ಲ ಎನ್ನುತ್ತಿರುತ್ತಾಳೆ, ಜಗಳ ಮಾತ್ರ ಪೂರ್ತಿ ಅರ್ಥವಾಗುತ್ತದೆ.

ಮಾರನೆಯ ದಿನ ಸಂಜೆ ಭಾವನೇ ಫೋನ್ ಮಾಡಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಶೈಲಾ, ಮೊದಲು ಹೇಳು, ನೀನು ಮನಸ್ಸು ಬದಲಾಯಿಸಿಲ್ಲ ತಾನೇ?" ಅವರ ದನಿ ಪಿಸುಪಿಸು. ಗ್ಯಾರೇಜಿನಲ್ಲಿ ನಿಂತು ಮಾತಾಡುತ್ತಿದ್ದರಂತೆ.

"ಇಲ್ಲ ಭಾವ."

"ಅಬ್ಬಾ. ಬದಲಾಯಿಸ್ಬೇಡಮ್ಮ. ನನಗೆ ಆ ಸಣ್ಣ ವಿಮಾನ ಅಂದ್ರೆ ಕೈಕಾಲು ನಡುಗುತ್ತೆ. ಒಳಗೆ ಏನೇನಿರುತ್ತೆ ಅಂತ ಗೊತ್ತಿರೋನು ನಾನು. ಸುಧಾ ಮುಂದೆ ಹೇಳೋಕಾಗುತ್ತಾ? ಅದಕ್ಕೆ ಹೆಬ್ಬೆಟ್ಟು ಒತ್ತಿ ಸುಮ್ನಿದ್ದೆ. ನೀನು ಇಲ್ಲ ಅಂದಾಗ ನನಗೆ ಆಯಸ್ಸು ಬಂತು ನೋಡು, ಅದೇ ನನ್ನ ಷಷ್ಟ್ಯಬ್ದಿ."

"ಅಲ್ಲ ಭಾವ, ಫಂಕ್ಷನ್‌ಗೆ ನಾನು ಇರಲ್ವಲ್ಲ..."

"ನೀನು ಬಂದ್ರೂ ಎಲ್ಲಿರ್ತೀಯಾ? ಕುರ್ಚಿ ಮೇಲೆ. ಹೋಗಿ ಬಾ. ಬಂದ ಮೇಲೆ ಒಂದು ದಿನ ಮನೆಗೆ ಬಾ, ಕೂತ್ಕೊಂಡು ಊಟ ಮಾಡು. ಕ್ಯಾಮೆರಾ ತರಬೇಡ."

ಇಷ್ಟು ವರ್ಷಗಳಲ್ಲಿ ನನ್ನನ್ನು ಕ್ಯಾಮೆರಾ ಇಲ್ಲದೆ ಕರೆದವರು ಇವರೊಬ್ಬರೇ. ಫೋನಿಟ್ಟು ಸ್ವಲ್ಪ ಅತ್ತೆ, ಆಮೇಲೆ ಸಫಾರಿಯವರಿಗೆ ನನ್ನ ಸಾಲು ಖಚಿತ ಮಾಡಿ ಎಂದು ಬರೆದೆ. ಸುಧಾ ಈಗಲೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹಾಗಾಗಿ ಬೆಳಗಿನ ನಿದ್ದೆ ಚೆನ್ನಾಗಿ ಬರುತ್ತಿದೆ.

ಈಗ ಅಭ್ಯಾಸ ನಡೆದಿದೆ. ಹೋದ ಶನಿವಾರ ಪ್ರಕಾಶ್‌ರನ್ನು ಡ್ರೈವರ್ ಮಾಡಿಕೊಂಡು ಕ್ಯಾನಿಂಗ್ ನದಿಯ ದಡಕ್ಕೆ ಹೋದೆ. ಕಾರಿನ ಕಿಟಕಿಯ ಅಂಚಿಗೆ ಸೋನಾ ಮಸೂರಿ ತುಂಬಿದ ಚೀಲ, ಅದರ ಮೇಲೆ ಲೆನ್ಸು, ತಲೆಗೆ ಅಗಲ ಅಂಚಿನ ಟೋಪಿ. ಎದುರಿನ ಒಣಮರದ ಮೇಲೆ ಒಂದು ಮೀನು ಗಿಡುಗ. ಉಸಿರು ಬಿಗಿಹಿಡಿದು ಕಾದೆ. ಅದು ನೀರನ್ನೇ ನೋಡುತ್ತಿತ್ತು, ನಾನು ಅದನ್ನೇ. ಇನ್ನೇನು ಹಾರಬೇಕು, ರೆಕ್ಕೆ ಸಡಿಲಿಸಿತು, ಅಷ್ಟರಲ್ಲಿ ಪಕ್ಕದಲ್ಲಿ ಟಿಕ್ ಎಂದಿತು. ಪ್ರಕಾಶ್ ತಮ್ಮ ಫೋನಿನಲ್ಲಿ ನನ್ನ ಫೋಟೋ ತೆಗೆದಿದ್ದರು. "ನಿನ್ನದೊಂದು ಫೋಟೋ ಇಲ್ಲ ಅಂತಿದ್ದೆಯಲ್ಲ, ನೋಡು, ಚೆನ್ನಾಗಿ ಬಂದಿದೆ."

ಎಷ್ಟೋ ವರ್ಷಗಳ ಮೇಲೆ ನಾನು ಒಂದು ಫೋಟೋದಲ್ಲಿದ್ದೆ. ಕ್ಯಾಮೆರಾ ಬಿಟ್ಟು ಫೋನನ್ನು ಕಿತ್ತುಕೊಂಡು ನೋಡಿದೆ, ಹಿಗ್ಗಿಸಿ ನೋಡಿದೆ. "ಥೂ, ಡಬಲ್ ಚಿನ್ ಬಂದಿದೆ, ಡಿಲೀಟ್ ಮಾಡಿ, ಇನ್ನೊಂದು ತೆಗೀರಿ" ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತೇ ಎಂದು ಬೆಚ್ಚಿ ತಲೆ ಎತ್ತುವಷ್ಟರಲ್ಲಿ ನೀರು ಛಳ್ ಎಂದಿತ್ತು. ಗಿಡುಗ ಮೀನು ಹಿಡಿದುಕೊಂಡು ಆಚೆ ದಡಕ್ಕೆ ಹೊರಟುಹೋಗಿತ್ತು.

ಆದರೂ ಹೇಳುತ್ತೇನೆ, ನಾನು ಒಬ್ಬಳೇ ಹೋಗುವುದೇ ಸರಿ. ಚಿರತೆ ಮರದಿಂದ ಇಳಿಯುವ ಹೊತ್ತಿನಲ್ಲಿ ನನ್ನ ಫೋಟೋ ತೆಗೆಯುವ ಒಬ್ಬರೂ ಆ ಗಾಡಿಯಲ್ಲಿರಬಾರದು. ಇದ್ದರೆ ನಾನು ಖಂಡಿತ ತಿರುಗಿ ನಗುತ್ತೇನೆ.