ಎಮೆಟ್‌ನ ಸೌಟು, ವೆಂಡೆಲ್‌ನ ಹಿಟ್ಟು

"ಈ ಸಲ ಪ್ಯಾನ್‌ಕೇಕ್ ನಂದು," ಎಂದು ವೆಂಡೆಲ್ ಘೋಷಿಸಿದಾಗ ಅವನ ಹೆಂಡತಿ ಲೋರ್ನಾ ಗ್ಯಾರೇಜಿನಲ್ಲಿ ಕೂತು ಮಣ್ಣಿನ ಮುಖವಾಡಕ್ಕೆ ಮೂಗು ಕೂರಿಸುತ್ತಿದ್ದಳು. ಮೂಗು ಅಲ್ಲೇ ಸೊಟ್ಟಗಾಯಿತು.

"ನಂದು ಅಂದ್ರೆ?"

"ಹಬ್ಬದಲ್ಲಿ. ಎಮೆಟ್ ಇಲ್ಲ ಅಂತ ಒಲೆ ಹಚ್ಚದೆ ಇರೋಕಾಗುತ್ತಾ? ನಾನಿದ್ದೀನಿ. ನೀನು ಒಂದು ಕಡ್ಡೀನೂ ಎತ್ತಿಡಬೇಡ."

"ನೀನು ಮನೇಲಿ ಮೊಟ್ಟೆ ಬೇಯಿಸಿದ್ರೂ ನಾನು ಕಿಟಕಿ ತೆಗೆದಿಡ್ತೀನಿ. ನೆನಪಿರಲಿ."

ವೆಂಡೆಲ್‌ಗೆ ಅದು ಕೇಳಿಸಲಿಲ್ಲ. ಮಹಾಕಾರ್ಯಕ್ಕೆ ಹೊರಟವರಿಗೆ ಇಂಥ ಸಣ್ಣಪುಟ್ಟ ಮಾತು ಕೇಳಿಸುವುದಿಲ್ಲ.

ನೆವಾಡಾ ಮರುಭೂಮಿಯ ಒಂದು ಒಣಗಿದ ಕೆರೆಯ ಬಯಲಿನಲ್ಲಿ ಬೇಸಿಗೆಯ ಕೊನೆಗೆ ಕಲೆಯ ಹಬ್ಬ ಸೇರುತ್ತದೆ. ಅಲ್ಲಿ ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಇದ್ದವರು ಇದ್ದದ್ದನ್ನು ಕೊಡುತ್ತಾರೆ. ವೆಂಡೆಲ್ ಮೊದಲ ಸಲ ಹೋದಾಗ ಅದಕ್ಕೆ ಬೀದಿ, ತಿರುವು ಏನೂ ಇರಲಿಲ್ಲ. ಲಾರಿಯ ಮೇಲೆ ಹತ್ತಿ ನಿಂತರೆ ಹಬ್ಬದ ಎಲ್ಲ ಡೇರೆಗಳೂ ಕಾಣುತ್ತಿದ್ದವು. ಒಂದು ಬೆಳಿಗ್ಗೆ ಬಿಳಿ ಧೂಳು ಎದ್ದು, ತನ್ನ ಕೈ ತನಗೇ ಕಾಣದೆ ತಡಕಾಡುತ್ತಿದ್ದಾಗ ಮೂಗಿಗೆ ಬೆಣ್ಣೆ ಕಾದ ವಾಸನೆ ಬಡಿದಿತ್ತು. ಆ ವಾಸನೆಯ ಜಾಡು ಹಿಡಿದು ನಡೆದವನು ನೇರವಾಗಿ ಎಮೆಟ್‌ನ ಕಾವಲಿಯ ಮುಂದೆ ಹೋಗಿ ನಿಂತಿದ್ದ. ಬೆಟ್ಟದಂಥ ಆಳು ಎಮೆಟ್. ಒಂದು ಕೈಯಲ್ಲಿ ಪ್ಯಾನ್‌ಕೇಕ್ ತಿರುವಿ ಹಾಕುತ್ತ, ಸಾಲಿನಲ್ಲಿದ್ದ ಒಬ್ಬೊಬ್ಬರನ್ನೂ ತಪ್ಪು ಹೆಸರಿನಿಂದ ಪ್ರೀತಿಯಾಗಿ ಕರೆಯುತ್ತಿದ್ದ. ತಟ್ಟೆ ತರದೆ ಬಂದಿದ್ದ ವೆಂಡೆಲ್‌ಗೆ ಹಿಂದೆ ನಿಂತಿದ್ದ ಹುಡುಗಿ ತನ್ನ ಡಬ್ಬಿಯ ಮುಚ್ಚಳ ಕೊಟ್ಟಳು. ಆ ಮುಚ್ಚಳ ವಾಪಸು ಕೊಡುವ ನೆಪದಲ್ಲಿ ಓಡಾಡಿ ಓಡಾಡಿ ಕಡೆಗೆ ಲೋರ್ನಾಳನ್ನು ಮದುವೆಯಾಗಿದ್ದ.

ಎಮೆಟ್ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಹಬ್ಬದ ಹಳಬರೆಲ್ಲ ವರ್ಷಕ್ಕೊಮ್ಮೆ ಅವನ ಮನೆಯ ಹಿತ್ತಲಲ್ಲಿ ಸೇರಿ ಊಟ ಮಾಡುವುದು ರೂಢಿ. ಈ ಸಲ ಅಲ್ಲಿ ಅವನ ಹೆಂಡತಿ ರೋಸಲಿಂಡ್ ಮೆಲ್ಲಗೆ ಹೇಳಿದಳು, "ನಾನು ಇನ್ನು ಬರಲ್ಲ ಕಣ್ರೋ. ಆ ಒಲೆ ಮುಂದೆ ಅವನಿಲ್ದೆ ಇರೋದನ್ನ ಹೇಗೆ ನೋಡಲಿ?"

ಎಲ್ಲರೂ ತಲೆ ತಗ್ಗಿಸಿದರು. ಎದ್ದು ನಿಂತವನು ವೆಂಡೆಲ್ ಒಬ್ಬನೇ.

"ನೀನು ಬರ್ತೀಯ. ರಾಣಿ ಹಾಗೆ ಕುರ್ಚೀಲಿ ಕೂತಿರ್ತೀಯ. ಹಿಟ್ಟು ಕಲಸೋದು, ಹುಯ್ಯೋದು, ಬಡಿಸೋದು ಎಲ್ಲಾ ನಂದು."

ರೋಸಲಿಂಡ್ ಏನೋ ಹೇಳಲು ಬಾಯಿ ತೆರೆದಳು. ವೆಂಡೆಲ್ ಅವಳ ಕೈಗೆ ಒಂದು ತಟ್ಟೆ ಇಟ್ಟು ಬಾಯಿ ಮುಚ್ಚಿಸಿದ. ಹೊರಡುವಾಗ ಅವಳು ಒಳಗೆ ಹೋಗಿ ಎಮೆಟ್‌ನ ಉದ್ದ ಹಿಡಿಯ ಸೌಟು ತಂದುಕೊಟ್ಟಳು.

ಹೊರಡುವ ದಿನ ಲಾರಿ ತುಂಬಿದವನೂ ಅವನೇ. ಗ್ಯಾರೇಜಿನ ಗೋಡೆಯುದ್ದಕ್ಕೂ ಒಂದೇ ಥರದ ಬಿಳಿ ಬಕೆಟ್‌ಗಳಿದ್ದವು.

"ಬಕೆಟ್ ಮುಚ್ಚಳ ತೆಗೆದು ನೋಡಿದೆಯಾ?" ಎಂದಳು ಲೋರ್ನಾ.

"ಜೀವಮಾನವೆಲ್ಲ ನೀರಿನ ಇಲಾಖೇಲಿ ನೆಲದೊಳಗಿನ ಕೊಳವೆ ಹುಡುಕಿದವನು ನಾನು. ನೆಲದ ಮೇಲಿರೋ ಹಿಟ್ಟು ಸಿಗಲ್ವಾ?"

ಹಬ್ಬದ ಮೊದಲ ಬೆಳಿಗ್ಗೆ ಸಾಲು ತಿರುವಿನ ತನಕ ಬೆಳೆದಿತ್ತು. ರೋಸಲಿಂಡ್ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಎರಡು ಸಲ ಎದ್ದು ಒಲೆಯ ಹತ್ತಿರ ಬಂದಳು. ಎರಡು ಸಲವೂ ವೆಂಡೆಲ್ ಅವಳ ಭುಜ ಹಿಡಿದು ವಾಪಸು ಕೂರಿಸಿದ. ಲೋರ್ನಾ ನೀರು ತರಲು ಹೋಗಿದ್ದಳು. ವೆಂಡೆಲ್ ದೊಡ್ಡ ಪಾತ್ರೆಗೆ ಬಕೆಟ್ ಸುರಿದ, ಮೊಟ್ಟೆ ಒಡೆದ, ಸಕ್ಕರೆ ಹಾಕಿದ, ನೀರು ಹುಯ್ದು ಸೌಟಿನಲ್ಲಿ ತಿರುವಿದ. ಹಾಲಿನಂಥ ಬಿಳುಪು! ಎಮೆಟ್‌ಗೂ ಇಂಥ ಬಿಳುಪು ಒಲಿದಿರಲಿಲ್ಲ.

ಆಮೇಲೆ ಒಂದೆರಡು ಮಾತಾಡಲು ನಿಂತ.

ಒಂದೆರಡು ಮಾತು ಎಮೆಟ್‌ನ ಬಾಲ್ಯದಿಂದ ಶುರುವಾಯಿತು. ಹಳೆಯ ಧೂಳು, ಹಳೆಯ ಡೇರೆ, ಡಬ್ಬಿಯ ಮುಚ್ಚಳ ಎಲ್ಲ ಬಂದವು. ಹಳಬರು ಕಣ್ಣೊರೆಸಿಕೊಂಡರು, ಹೊಸಬರು ತಟ್ಟೆಯನ್ನು ಕೈಯಿಂದ ಕೈಗೆ ಬದಲಿಸಿಕೊಂಡರು. ನಡುವೆ ವೆಂಡೆಲ್ ಪಾತ್ರೆ ಮುಟ್ಟಿ ನೋಡಿದ. ಬೆಚ್ಚಗಿತ್ತು.

"ನೋಡಿ, ಒಲೆ ಮೇಲೆ ಇಡದೇನೇ ಹಿಟ್ಟು ಬಿಸಿಯಾಗ್ತಿದೆ," ಎಂದ. "ಎಮೆಟ್ ಇಲ್ಲೇ ಎಲ್ಲೋ ಇದ್ದಾನೆ."

ಮಾತು ಮುಗಿಸಿ, ಎಲ್ಲರ ಎದುರಿಗೆ ಸೌಟು ಎತ್ತಿದ. ಸೌಟಿನ ಜೊತೆ ಪಾತ್ರೆಯೂ ಎದ್ದಿತು.

ಕೆಳಗಿಟ್ಟು ಎಳೆದ. ತಿರುಚಿದ. ಪಾತ್ರೆಯನ್ನು ಮೊಣಕಾಲಿನ ನಡುವೆ ಅವುಚಿಕೊಂಡು, ಹಾಲು ಕರೆಯುವ ಹೊತ್ತಿಗೆ ಹಟ ಹಿಡಿದ ಹಸುವಿನೊಡನೆ ಗುದ್ದಾಡುವವನ ಹಾಗೆ ಗುದ್ದಾಡಿದ. ಅಷ್ಟರಲ್ಲಿ ಬಂದ ಲೋರ್ನಾ ಪಾತ್ರೆಯೊಳಗೆ ಬೆರಳಿನ ಗೆಣ್ಣಿನಿಂದ ತಟ್ಟಿದಳು. ಟಕ್ ಟಕ್ ಎಂದಿತು.

"ಇದು ಅಚ್ಚು ಹುಯ್ಯೋ ನನ್ನ ಪ್ಲಾಸ್ಟರ್ ಆಫ್ ಪ್ಯಾರಿಸ್," ಎಂದಳು. "ನೀರು ಬಿದ್ರೆ ತಾನೇ ಬಿಸಿಯಾಗಿ ಕಲ್ಲಾಗುತ್ತೆ. ಹಿಟ್ಟು ಗ್ಯಾರೇಜಲ್ಲೇ ಇದೆ. ಆರಾಮಾಗಿದೆ."

ವೆಂಡೆಲ್ ರೋಸಲಿಂಡ್ ಕಡೆ ನೋಡಲಾರದೆ ನೋಡಿದ. ಅವಳು ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಯ್ಯೋ, ಅಳಿಸಿಬಿಟ್ಟೆನಲ್ಲ ಎಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಶಾಲು ಜಾರಿತು. ಅವಳು ನಗುತ್ತಿದ್ದಳು, ಉಸಿರು ಸಿಕ್ಕಿಕೊಳ್ಳುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಒಡೆದು ಸೌಟು ಬಿಡಿಸಿಕೊಡ್ತೀನಿ," ಎಂದು ವೆಂಡೆಲ್ ಸುತ್ತಿಗೆ ಹುಡುಕಿದ.

"ಬೇಡ, ಚೂರೆಲ್ಲ ಆರಿಸೋರು ಯಾರು? ಇರಲಿ ಬಿಡು, ಹಾಗೇ ಚೆನ್ನಾಗಿದೆ," ಎಂದಳು ರೋಸಲಿಂಡ್.

ಪಾತ್ರೆ ಬೋರಲು ಹಾಕಿದಾಗ ಪ್ಲಾಸ್ಟರ್ ಗುಂಡಗೆ ಹೊರಬಂತು. ಅದನ್ನು ದಾರಿಯ ಪಕ್ಕಕ್ಕಿಟ್ಟರು, ನಡುವೆ ಸೌಟು ಆಕಾಶ ನೋಡುತ್ತ ನಿಂತಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಕನ್ನಡಕದ ಹೆಂಗಸೊಬ್ಬಳು ಇಳಿದು, ಅದಕ್ಕೆ ಸುತ್ತು ಬಂದು, ಮನುಷ್ಯನ ತೀರದ ಹಸಿವನ್ನು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ತಾನು ಕಂಡೇ ಇಲ್ಲ ಎಂದಳು. ವೆಂಡೆಲ್ ಸ್ವಲ್ಪ ನೆಟ್ಟಗಾದ.

"ಮಾಡೋಕೆ ಎಷ್ಟು ದಿನ ಹಿಡೀತು ನಿಮಗೆ?"

"ಇವನ ಭಾಷಣ ಮುಗಿಯೋ ಅಷ್ಟು ಹೊತ್ತು," ಎಂದಳು ಲೋರ್ನಾ.

ಸಾಲಿನಲ್ಲಿದ್ದ ಯಾರೂ ಮನೆಗೆ, ಅಂದರೆ ಡೇರೆಗೆ, ಹೋಗಲಿಲ್ಲ. ಎದುರು ಡೇರೆಯವರು ಹಿಟ್ಟು ತಂದರು, ಇನ್ನಾರೋ ಮೊಟ್ಟೆ, ಮತ್ತಾರೋ ಹಾಲಿನ ಪುಡಿ. ವೆಂಡೆಲ್ ಅಂಗಿಯ ತೋಳು ಮಡಿಚಿದ.

"ಆ ಕಡೆ ಸರಿ," ಎಂದಳು ರೋಸಲಿಂಡ್. ಈ ಸಲ ಅವಳನ್ನು ಕೂರಿಸುವ ಧೈರ್ಯ ಅವನಿಗೆ ಬರಲಿಲ್ಲ.

ಅವಳು ಅಳತೆ ನೋಡದೆ ಕಲಸಿದಳು, ಕಾಫಿ ಲೋಟದಿಂದ ಕಾವಲಿಗೆ ಹುಯ್ದಳು. ಬೆಣ್ಣೆಯ ವಾಸನೆ ಎದ್ದಿತು. ಮೊದಲ ತುತ್ತು ಬಾಯಿಗಿಟ್ಟ ವೆಂಡೆಲ್‌ಗೆ ಆ ಹಳೆಯ ಬೆಳಗು, ಆ ಮುಚ್ಚಳ, ಹಿಂದೆ ನಿಂತಿದ್ದ ಹುಡುಗಿ ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

"ಇದು ಎಮೆಟ್‌ದೇ ರುಚಿ," ಎಂದ.

"ಅವನದೇನು? ಅವನಿಗೆ ತಿರುವಿ ಹಾಕೋದು ಬರ್ತಿತ್ತು, ಹರಟೆ ಬರ್ತಿತ್ತು. ಡೇರೆ ಹಿಂದೆ ಕೂತು ದಿನಾ ಕಲಸ್ತಿದ್ದೋಳು ನಾನು."

"ಮೊದಲೇ ಹೇಳಬಾರದಿತ್ತಾ?"

"ಎಲ್ಲಿ ಬಿಟ್ಟೆ ನೀನು ಹೇಳೋಕೆ?" ಎಂದು ಅವಳು ಬಿಸಿ ತಟ್ಟೆಯನ್ನು ಅವನ ಕೈಗಿಟ್ಟಳು. "ತಗೋ, ಬಡಿಸು. ಬಾಯಿ ಮುಚ್ಕೊಂಡು ಬಡಿಸು."

ಬಡಿಸಿದ. ಒಂದು ಮಾತಿಲ್ಲದೆ ಸಾಲಿನ ಕೊನೆಯವರೆಗೂ ಬಡಿಸಿದ. ಹಳಬನೊಬ್ಬ ಗಾಬರಿಯಾಗಿ ಲೋರ್ನಾಳ ಕಿವಿಯ ಹತ್ತಿರ ಬಗ್ಗಿ ಕೇಳಿದ, "ವೆಂಡೆಲ್‌ಗೆ ಹುಷಾರಿಲ್ವಾ?"

"ಇಷ್ಟು ದಿನ ಇರಲಿಲ್ಲ," ಎಂದಳು ಲೋರ್ನಾ. "ಇವತ್ತು ಬೆಳಿಗ್ಗೆ ಹುಷಾರಾದ."