ಕೋಟು ತೊಟ್ಟ ಬಿಸಿನೀರು

ಮನೆಮನೆಗಳ ಬಿಸಿನೀರಿನ ವೆಚ್ಚವನ್ನು ತಗ್ಗಿಸುವ ಸದುದ್ದೇಶದಿಂದ, ಪ್ರತಿ ಗೀಸರಿಗೂ ಶಾಖ ಸೋರದಂತೆ ದಪ್ಪನೆಯ ಹೊದಿಕೆಯೊಂದನ್ನು ಉಚಿತವಾಗಿ ತೊಡಿಸಲಾಗುವುದೆಂದು ಇಂಧನ ಮಿತವ್ಯಯ ಕಚೇರಿಯು ಪ್ರಕಟಿಸಿತು. ಷರತ್ತು ಒಂದೇ. ಅರ್ಜಿದಾರರ ಮನೆಯಲ್ಲಿ ಬಿಸಿನೀರು ಇದೆಯೆಂಬುದು ಸಾಬೀತಾಗಬೇಕು. ಅದಕ್ಕಾಗಿ ಒಂದು ಬಕೆಟ್ ಮಾದರಿಯನ್ನು ಮೂರನೆಯ ಕೌಂಟರಿನಲ್ಲಿ ಖುದ್ದಾಗಿ ಹಾಜರುಪಡಿಸಬೇಕು.

ಇದನ್ನೋದಿ ಟೈಲರ್ ಹಿಗ್ಗಿಹೋದ. ಅವನ ಗೀಸರ್ ಹಳೆಯದು, ಕಾಯಿಸಿದ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತಿತ್ತು. ಅವನ ತಾಯಿಗೋ ಬೆಳಿಗ್ಗೆ ಮಂಡಿಗೆ ಬಿಸಿನೀರು ಬೀಳದಿದ್ದರೆ ಅಡುಗೆಮನೆಯವರೆಗೆ ನಡೆಯುವುದೂ ಪ್ರಯಾಸ.

"ಊರಿಗೆಲ್ಲ ಕೋಟು ಹೊಲೀತೀಯ, ಒಂದು ಗೀಸರಿಗೆ ಹೊಲಿಯೋಕೆ ಆಗಲ್ವೇನೋ?" ಎಂದರು ತಾಯಿ.

"ಬಿಟ್ಟಿ ಸಿಗೋದನ್ನ ಯಾಕಮ್ಮ ಹೊಲೀಬೇಕು?"

ಬುದ್ಧಿವಂತನ ಮಾತು.

ಮೊದಲ ದಿನ ಬಕೆಟ್ ಬಸ್ಸಿನಲ್ಲಿ ಕುಲುಕಿ, ಸಾಲಿನಲ್ಲಿ ನಿಂತು, ಕೌಂಟರ್ ತಲುಪಿತು. ಗುಮಾಸ್ತರು ಎಡಗೈ ತೋರುಬೆರಳನ್ನು ಅದ್ದಿದರು. ಬಲಗೈ ಸಹಿಗೆ ಮೀಸಲು. "ತಣ್ಣೀರು" ಎಂದು ಮೊಹರು ಬಿತ್ತು.

ಮರುದಿನ ಟೈಲರ್, ಗುಂಡಿ ಹಾಕುವುದಷ್ಟೇ ಬಾಕಿಯಿದ್ದ ಗಿರಾಕಿಯೊಬ್ಬರ ಉಣ್ಣೆ ಕೋಟನ್ನು ಬಕೆಟ್ಟಿಗೆ ತೊಡಿಸಿ ತಂದ. ನೀರು ಹಬೆಯಾಡುತ್ತಿತ್ತು.

"ಇದೇನ್ರೀ, ನೀರಿಗೆ ಕೋಟು?"

"ಆರದೇ ಇರಲಿ ಅಂತ ಸಾರ್."

"ಅಂದ್ರೆ ನಿಮಗೆ ಆಗಲೇ ಹೊದಿಕೆ ಸಿಕ್ಕಿದೆ. ಒಬ್ಬರಿಗೆ ಎರಡು ಕೊಡೋ ಹಾಗಿಲ್ಲ."

"ಅಯ್ಯೋ, ಇದು ಗಿರಾಕಿ ಕೋಟು ಸಾರ್!"

"ಹಾಗಾದ್ರೆ ಬಿಚ್ಚಿ, ಸಾಲಿನ ಕೊನೇಲಿ ನಿಂತ್ಕೊಂಡು ಬನ್ನಿ."

ಬಿಚ್ಚಿದ, ನಿಂತ, ಬಂದ. ಎರಡನೆಯ ಮೊಹರೂ ಬಿತ್ತು.

ನಿಯಮ ಒಂಬತ್ತರ ಪ್ರಕಾರ, ಎರಡು ಬಾರಿ ತಣ್ಣೀರು ಹಾಜರುಪಡಿಸಿದ ಮನೆಯಲ್ಲಿ ಬಿಸಿನೀರೇ ಇಲ್ಲ. ಬಿಸಿನೀರೇ ಇಲ್ಲದಲ್ಲಿ ಅದರ ವೆಚ್ಚವೂ ಇಲ್ಲ. ಯೋಜನೆ ಆ ಮನೆಯ ಮಟ್ಟಿಗೆ ಸಂಪೂರ್ಣ ಯಶಸ್ವಿ. ಮೂರನೆಯ ದಿನ ಇನ್‌ಸ್ಪೆಕ್ಟರು ಬಂದು ಬಚ್ಚಲುಮನೆಯಲ್ಲಿ ಪ್ರಶಂಸಾಪತ್ರ ತೂಗುಹಾಕಿದರು, ಗೀಸರಿಗೆ ಅರಗಿನ ಮುದ್ರೆ ಹಾಕಿದರು.

"ದಾಖಲೇಲಿ ಇಲ್ಲದ್ದು ಮನೇಲಿದ್ರೆ ನಿಮಗೇ ತೊಂದರೆ," ಎಂದರು ಕನಿಕರದಿಂದ.

"ಒಲೆ ಮೇಲೆ ಕಾಯಿಸಬಹುದಾ ಸಾರ್?"

"ಧಾರಾಳವಾಗಿ. ಚಹಾಪುಡಿ ಹಾಕಿರಬೇಕು, ಅಷ್ಟೇ."

ತಿಂಗಳೊಳಗೆ ಇಡೀ ಬೀದಿಯ ಬಚ್ಚಲುಗಳಲ್ಲಿ ಪ್ರಶಂಸಾಪತ್ರಗಳು ತೂಗಿದವು. ಟೈಲರನ ತಾಯಿ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದರು. ಅವರು ನರಳುವುದು ಕೇಳಿಸಿದಾಗಲೆಲ್ಲ ಟೈಲರ್, ನಾನೇ ಹೊಲಿದಿದ್ದರೆ ಒಂದು ಸಂಜೆಯ ಕೆಲಸವಾಗಿತ್ತು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ.

ವಿಚಾರಿಸಲಾಗಿ, ಗುಮಾಸ್ತರ ಬೆರಳಿಗೆ ಬಿಸಿ ಯಾವುದೆಂದು ಮರೆತುಹೋಗದಂತೆ ಮೂರನೆಯ ಕೌಂಟರಿನ ಹಿಂದೆ ದಿನವಿಡೀ ಒಂದು ಗೀಸರ್ ಕಾಯುತ್ತಿರುವುದು ತಿಳಿಯಿತು. ಯೋಜನೆಯಲ್ಲಿ ತಯಾರಾದ ಏಕೈಕ ಹೊದಿಕೆಯೂ ಅದರ ಮೇಲೇ ಇತ್ತು. ತಮ್ಮ ಮನೆಯಲ್ಲಿ ಏನಿಲ್ಲವೆಂದು ಖಚಿತಪಡಿಸಿಕೊಳ್ಳಲು ಬಯಸುವ ಯಾವುದೇ ನಾಗರಿಕರು, ದೇಹದ ಯಾವುದೇ ಭಾಗದಿಂದ, ಹತ್ತು ನಿಮಿಷ ಆ ನೀರನ್ನು ಪರಿಶೀಲಿಸಬಹುದಿತ್ತು.

ಟೈಲರ್ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದ. ಸಾಲಿನಲ್ಲಿ ನೆರೆಹೊರೆಯವರೆಲ್ಲ ಟವೆಲು ಹಿಡಿದು ನಿಂತಿದ್ದರು. ತಾಯಿ ಮಂಡಿಗಳಿಂದ ಪರಿಶೀಲಿಸಿದರು.

"ಇಂಥ ನೀರು ನಿಮ್ಮ ಮನೇಲಿದೆಯೇನಮ್ಮ?" ಗುಮಾಸ್ತರು ಕೇಳಿದರು.

"ಇಲ್ಲಪ್ಪ."

"ಹಾಗಂತ ಸಹಿ ಹಾಕಿ. ನಾಳೆ ಮತ್ತೆ ಬಂದು ಖಚಿತಪಡಿಸ್ಕೊಳ್ಳಿ."

ಟೈಲರ್ ಕಿವಿಯಲ್ಲಿ ಪಿಸುಗುಟ್ಟಿದ: "ಅಮ್ಮ, ಇದೆ ಅಂತ ಬರೆದುಕೊಡು. ಗೀಸರಿನ ಮುದ್ರೆ ಒಡೆಸೋಣ."

"ಸುಮ್ನಿರೋ! ನಮ್ಮ ಗೀಸರ್ ನೀರು ಯಾವತ್ತು ಇಷ್ಟು ಬಿಸಿಯಿತ್ತು?" ಎನ್ನುತ್ತ ತಾಯಿ ದುಂಡಗೆ ಸಹಿ ಮಾಡಿ, ಯಾರ ಆಸರೆಯೂ ಇಲ್ಲದೆ ಮೆಟ್ಟಿಲಿಳಿದು ಹೋದರು.

ಟೈಲರ್ ಟವೆಲು ಹಿಂಡಿಕೊಂಡು, ನಾಳೆಯ ಚೀಟಿಗಾಗಿ ಸಾಲಿನ ಕೊನೆಗೆ ಹೋಗಿ ನಿಂತ.